ಸಲಮಾಂಕಾದ ಎರಡು ಮಾತುಗಳು

ಸ್ಪೇನಿನ ಸಲಮಾಂಕಾಕ್ಕೆ ಸ್ಪ್ಯಾನಿಷ್ ಕಲಿಯಲು ಹೋದವರಿಗೆ ಮೊದಲ ಕೆಲವು ದಿನಗಳಲ್ಲೇ ಎರಡು ಕತೆ ಹೇಳುತ್ತಾರೆ. ನಾನು ಹೋದಾಗಲೂ ಹೇಳಿದರು. ಎರಡೂ ಮೇಷ್ಟ್ರುಗಳ ಕತೆ. ಎರಡರಲ್ಲೂ ಒಂದೊಂದು ಖಡಕ್ ಮಾತಿದೆ. ಆ ಮಾತುಗಳನ್ನು ಅವರು ನಿಜವಾಗಿ ಆಡಿದ್ದರಾ? ಅಲ್ಲಿದ್ದಷ್ಟು ತಿಂಗಳು ಇದೇ ಪ್ರಶ್ನೆ ನನ್ನ ಬೆನ್ನು ಹತ್ತಿತ್ತು.

ಮೊದಲು ಊರಿನ ಬಗ್ಗೆ ಸ್ವಲ್ಪ. ಮ್ಯಾಡ್ರಿಡ್‌ನಿಂದ ವಾಯುವ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರ, ತೋರ್ಮೆಸ್ ನದಿಯ ದಂಡೆ. ಹಳೇ ಊರಿನ ಕಟ್ಟಡಗಳೆಲ್ಲ ಹತ್ತಿರದ ವಿಯಾಮಯೋರ್‌ನ ಮರಳುಗಲ್ಲಿನವು. ಸಂಜೆ ಬಿಸಿಲು ಬಿದ್ದರೆ ಊರಿಗೆ ಊರೇ ಬೆಲ್ಲದ ಬಣ್ಣ! ವಿಶ್ವವಿದ್ಯಾಲಯ ಶುರುವಾಗಿದ್ದು 1218ರಲ್ಲಿ, ಲೆಯೋನ್ ರಾಜ ಒಂಬತ್ತನೇ ಅಲ್ಫೊನ್ಸೋ ಕಾಲದಲ್ಲಿ. ಅದರ ಕಲ್ಲಿನ ಮುಂಭಾಗದಲ್ಲಿ ಸಾವಿರಾರು ಕೆತ್ತನೆಗಳ ನಡುವೆ, ಒಂದು ತಲೆಬುರುಡೆಯ ಮೇಲೆ ಪುಟ್ಟ ಕಪ್ಪೆ ಕೂತಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡುಹಿಡಿದರೆ ಪರೀಕ್ಷೆ ಪಾಸು ಅಂತ ಪ್ರತೀತಿ. ಹಾಗಾಗಿ ಅಲ್ಲಿ ಯಾವಾಗ ನೋಡಿದರೂ ಕತ್ತೆತ್ತಿ ನಿಂತ ಜನ.

ಆ ಮುಂಭಾಗಕ್ಕೆ ಎದುರಾಗಿ ಒಬ್ಬ ಸನ್ಯಾಸಿಯ ಪ್ರತಿಮೆ ಇದೆ. ಅವರೇ ಮೊದಲ ಕತೆಯ ಮೇಷ್ಟ್ರು, ಫ್ರಾಯ್ ಲೂಯಿಸ್ ದೆ ಲೆಯೋನ್. ಹದಿನಾರನೇ ಶತಮಾನದ ದೊಡ್ಡ ಕವಿ, ಇದೇ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ಅಧ್ಯಾಪಕ. ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ ತಪ್ಪುಗಳಿವೆ, ಮೂಲ ಹೀಬ್ರೂ ನೋಡಬೇಕು ಅನ್ನುವುದು ಅವರ ವಾದ. ಸಾಲದ್ದಕ್ಕೆ ಬೈಬಲ್ಲಿನ ಪ್ರೇಮಗೀತೆಗಳ ಭಾಗವನ್ನು ಒಬ್ಬ ಸನ್ಯಾಸಿನಿಗೋಸ್ಕರ ಜನರಾಡುವ ಸ್ಪ್ಯಾನಿಷ್‌ಗೆ ಅನುವಾದಿಸಿದ್ದರು. ಬೈಬಲ್ಲನ್ನು ಆಡುಭಾಷೆಗೆ ತರುವುದಕ್ಕೇ ಆಗ ನಿಷೇಧವಿತ್ತು. 1572ರ ಮಾರ್ಚ್‌ನಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಳಿ ಅವರನ್ನು ಹಿಡಿದು ವಯ್ಯಾದೊಲಿದ್ ನಗರದ ಸೆರೆಮನೆಗೆ ಹಾಕಿತು. ಬಿಡುಗಡೆಯಾಗಿದ್ದು 1576ರ ಡಿಸೆಂಬರ್‌ನಲ್ಲಿ, ಹತ್ತಿರ ಹತ್ತಿರ ಐದು ವರ್ಷದ ನಂತರ.

ಕತೆ ಏನಪ್ಪಾ ಅಂದರೆ, ವಾಪಸ್ ಬಂದು ಮೊದಲ ಪಾಠ ಶುರುಮಾಡುವಾಗ ಅವರು ಏನೂ ಆಗಿಯೇ ಇಲ್ಲವೇನೋ ಎಂಬಂತೆ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವ ಧಾಟಿಯಲ್ಲಿ ಮಾತು ಮುಂದುವರಿಸಿದರಂತೆ. ಅವರ ಹೆಸರಿನ ಆ ತರಗತಿಯನ್ನು ಇವತ್ತಿಗೂ ಹಾಗೇ ಉಳಿಸಿಕೊಂಡಿದ್ದಾರೆ. ಬೆಂಚು ಅಂದರೆ ಒರಟಾಗಿ ಕೆತ್ತಿದ ಮರದ ತೊಲೆಗಳು. ಅಲ್ಲಿ ನಿಂತು ಈ ಕತೆ ಕೇಳಿದರೆ ಮೈ ಝುಂ ಅನ್ನದೆ ಇರದು.

ಆದರೆ ಆ ಮಾತು ಬರಹದಲ್ಲಿ ಕಾಣಿಸಿಕೊಂಡಿದ್ದು 1623ರಲ್ಲಿ. ಅಷ್ಟು ಹೊತ್ತಿಗೆ ಫ್ರಾಯ್ ಲೂಯಿಸ್ ತೀರಿಕೊಂಡು 32 ವರ್ಷ ಕಳೆದಿತ್ತು. ಇನ್ನೊಂದು ಸಂಗತಿ, ಅವರು ಮರಳುವಷ್ಟರಲ್ಲಿ ಅವರ ಹಳೇ ಹುದ್ದೆ ಬೇರೆಯವರ ಪಾಲಾಗಿತ್ತು. ಅದು ನನಗೆ ಬೇಡ ಎಂದು ಬಿಟ್ಟುಕೊಟ್ಟು ಹೊಸ ಪಾಠ ಹಿಡಿದರು. ಅಂದಮೇಲೆ ಮುಂದುವರಿಸಲಿಕ್ಕೆ ನಿನ್ನೆಯ ಪಾಠವೇ ಇರಲಿಲ್ಲ!

ಎರಡನೇ ಕತೆಗೆ ಬರೋಣ. ಮೇಷ್ಟ್ರು ಮಿಗೆಲ್ ದೆ ಉನಾಮುನೊ. ಗ್ರೀಕ್ ಪ್ರಾಧ್ಯಾಪಕ, ಕಾದಂಬರಿಕಾರ, ತತ್ವಜ್ಞಾನಿ, ಇದೇ ವಿಶ್ವವಿದ್ಯಾಲಯದ ಮುಖ್ಯಸ್ಥ. 1936ರ ಜುಲೈನಲ್ಲಿ ಸ್ಪೇನಿನ ಚುನಾಯಿತ ಸರ್ಕಾರದ ವಿರುದ್ಧ ಸೇನೆ ದಂಗೆ ಎದ್ದಾಗ ಉನಾಮುನೊ ಮೊದಲು ದಂಗೆಯನ್ನು ಬೆಂಬಲಿಸಿದರು. ಆಮೇಲೆ ಒಬ್ಬೊಬ್ಬರಾಗಿ ಗೆಳೆಯರು ಜೈಲಿಗೆ ಹೋದರು, ಕೆಲವರು ಹೆಣವಾದರು. ಅಕ್ಟೋಬರ್ 12ರಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಸಮಾರಂಭ. ವೇದಿಕೆಯ ಮೇಲೆ ಫ್ರಾಂಕೋನ ಹೆಂಡತಿ, ಬಿಷಪ್, ಯುದ್ಧಗಳಲ್ಲಿ ಒಂದು ಕಣ್ಣು ಒಂದು ಕೈ ಕಳೆದುಕೊಂಡಿದ್ದ ಜನರಲ್ ಮಿಯಾನ್ ಆಸ್ತ್ರಾಯ್. ಅವರೆದುರಿಗೇ ಎದ್ದು ನಿಂತ ಉನಾಮುನೊ, ನೀವು ಗೆಲ್ಲಬಹುದು, ಆದರೆ ಯಾರ ಮನಸ್ಸನ್ನೂ ಒಪ್ಪಿಸಲಾರಿರಿ ಎಂದರಂತೆ. ಸ್ಪ್ಯಾನಿಷ್‌ನಲ್ಲಿ ಗೆಲ್ಲುವುದು ‘ವೆನ್ಸೆರ್’, ಮನವೊಲಿಸುವುದು ‘ಕೊನ್ವೆನ್ಸೆರ್’. ಪ್ರಾಸವೂ ಇದೆ, ಪೆಟ್ಟೂ ಇದೆ.

ಇಲ್ಲೂ ಅದೇ ತಕರಾರು. ಆ ಭಾಷಣ ಧ್ವನಿಮುದ್ರಣವಾಗಿ ಉಳಿದಿಲ್ಲ. ಜಗತ್ತು ಓದಿದ ಉದ್ದನೆಯ ಭಾಷಣವನ್ನು ಲೂಯಿಸ್ ಪೋರ್ತಿಯೊ ಎಂಬ ಹಳೇ ಅಧ್ಯಾಪಕರು ಲಂಡನ್ನಿನ ಒಂದು ಪತ್ರಿಕೆಗೆ 1941ರಲ್ಲಿ ಬರೆದರು. ಅವತ್ತು ಅವರು ಆ ಸಭೆಯಲ್ಲೇ ಇರಲಿಲ್ಲ. ಅದೊಂದು ಸಾಹಿತ್ಯಿಕ ಮರುಸೃಷ್ಟಿ ಎಂದು ಅಲ್ಲಿನ ಗ್ರಂಥಪಾಲಕ, ಇತಿಹಾಸಕಾರ ಸೆವೆರಿಯಾನೋ ದೆಲ್ಗಾಡೋ 2018ರಲ್ಲಿ ವಿವರವಾಗಿ ತೋರಿಸಿದರು.

ಹಾಗಾದರೆ ಎಲ್ಲ ಬೊಗಳೆಯಾ? ಅಲ್ಲ. ಉನಾಮುನೊ ಅವತ್ತು ಮಾತಾಡಿದ್ದು ನಿಜ, ಜನರಲ್ ಕೂಗಾಡಿದ್ದು ನಿಜ. ಗೆಲ್ಲುವುದು, ಮನವೊಲಿಸುವುದು ಎಂಬ ಎರಡೂ ಪದಗಳನ್ನು ಉನಾಮುನೊ ಒಂದು ಕಾಗದದ ಮೇಲೆ ಗೀಚಿಕೊಂಡಿದ್ದರು. ಆ ಕಾಗದ ಇವತ್ತಿಗೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಗದ. ಅದು ಒಂದು ಪತ್ರ. ಬರೆದವರು ಅತಿಲಾನೊ ಕೋಕೊ ಎಂಬ ಪ್ರಾಟೆಸ್ಟೆಂಟ್ ಪಾದ್ರಿಯ ಹೆಂಡತಿ. ಗಂಡ ಜೈಲಿನಲ್ಲಿದ್ದಾನೆ, ಸಹಾಯ ಮಾಡಿ ಎಂದು ಆಕೆ ಬೇಡಿಕೊಂಡ ಪತ್ರದ ಮೇಲೆಯೇ ಉನಾಮುನೊ ಟಿಪ್ಪಣಿ ಮಾಡಿಕೊಂಡಿದ್ದರು. ಕೋಕೊ ಬದುಕಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಅವರನ್ನು ಕೊಂದರು. ಹುದ್ದೆ ಕಳೆದುಕೊಂಡು ಮನೆಯಲ್ಲೇ ಬಂದಿಯಂತಿದ್ದ ಉನಾಮುನೊ ಡಿಸೆಂಬರ್ 31ಕ್ಕೆ ತೀರಿಕೊಂಡರು.

ಮೊದಲ ಕತೆಯಲ್ಲೂ ಇಂಥವರೊಬ್ಬರಿದ್ದಾರೆ. ಫ್ರಾಯ್ ಲೂಯಿಸ್ ಜೊತೆಗೇ ಹೀಬ್ರೂ ಪಂಡಿತರಾದ ಇನ್ನಿಬ್ಬರು ಅಧ್ಯಾಪಕರನ್ನೂ ಹಿಡಿದಿದ್ದರು. ಅವರಲ್ಲಿ ಗಾಸ್ಪಾರ್ ದೆ ಗ್ರಾಹಾಲ್ 1575ರಲ್ಲಿ, ತೀರ್ಪು ಬರುವ ಮೊದಲೇ ಸೆರೆಯಲ್ಲಿ ಸತ್ತರು. ಅವರಿಗೆ ಮರುದಿನದ ಪಾಠವೇ ಇರಲಿಲ್ಲ. ಪ್ರವಾಸಿಗರಿಗೆ ಹೇಳುವ ಕತೆಯಲ್ಲಿ ಅವರ ಹೆಸರು ನನಗೆ ಒಮ್ಮೆಯೂ ಕೇಳಿಸಲಿಲ್ಲ.

ಇನ್ನೂ ಒಂದು ಕಹಿ ಸತ್ಯವಿದೆ. ಫ್ರಾಯ್ ಲೂಯಿಸ್ ವಿರುದ್ಧ ದೂರು ಕೊಟ್ಟವರಲ್ಲಿ ಮುಖ್ಯರಾದವರು ಅದೇ ವಿಶ್ವವಿದ್ಯಾಲಯದ ಅಧ್ಯಾಪಕರು, ಗ್ರೀಕ್ ಕಲಿಸುತ್ತಿದ್ದ ಲೆಯೋನ್ ದೆ ಕಾಸ್ತ್ರೋ ಮತ್ತು ಬಾರ್ತೊಲೊಮೆ ದೆ ಮೆದೀನಾ. 1936ರಲ್ಲಿ ಸಮಾರಂಭ ನಡೆದ ಎರಡೇ ದಿನಕ್ಕೆ ಉನಾಮುನೊ ಮೇಲೆ ವಿಶ್ವಾಸವಿಲ್ಲ ಎಂದವರೂ ಸಹೋದ್ಯೋಗಿಗಳೇ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರೇ ಎರಡು ಸಲವೂ ಕೈಬಿಟ್ಟರು ಅನ್ನುವುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಚುರುಕಾದ ಮಾತೊಂದು ಸಿಕ್ಕಿದರೆ ಕತೆ ಅಲ್ಲಿಗೆ ಸುಖಾಂತ್ಯವಾದ ಹಾಗೆ ನಮಗೆ ಅನ್ನಿಸಿಬಿಡುತ್ತದೆ, ಅಲ್ವಾ?

ಹಾಗಂತ ಆ ಎರಡು ಮಾತುಗಳನ್ನು ಅಳಿಸಿಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಒಂದು ಊರು ನಾಲ್ಕು ನೂರು ವರ್ಷ ಒಂದು ಮಾತನ್ನು ಜೋಪಾನ ಮಾಡಿತು ಅಂದರೆ ಅದಕ್ಕೂ ಅರ್ಥವಿದೆ. ಆದರೆ ಹೇಳುವಾಗ ಗ್ರಾಹಾಲ್ ಹೆಸರನ್ನೂ ಸೇರಿಸಿ ಹೇಳಬೇಕು, ಕೋಕೊ ಹೆಂಡತಿಯ ಪತ್ರವನ್ನೂ ತೋರಿಸಬೇಕು. ನಿಮ್ಮಲ್ಲಿ ಯಾರಾದರೂ ಆ ಕಡೆ ಓದಲಿಕ್ಕೆ ಹೋದರೆ ಕಪ್ಪೆಯನ್ನು ಅವಶ್ಯ ಹುಡುಕಿ. ಜೊತೆಗೆ ಈ ಎರಡು ಹೆಸರುಗಳನ್ನೂ ವಿಚಾರಿಸಿ.