ಹಳೆಯ ವಿದ್ಯಾರ್ಥಿಗೆ ಮತ್ತೆ ಪಾಠ

ಪದವಿ ಪಡೆದು ಹೋದವರು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದು ಯಾವಾಗ? ಅಮೆರಿಕದಲ್ಲಿ ಬಹುಕಾಲ ಇದಕ್ಕೆ ಇದ್ದ ಉತ್ತರ: ಗೆಳೆಯರ ಕೂಟಕ್ಕೆ, ಫುಟ್‌ಬಾಲ್ ಪಂದ್ಯಕ್ಕೆ. ಬೆನ್ನಿಗೇ ದೇಣಿಗೆಯ ಮನವಿಯೂ ಬರುತ್ತಿತ್ತು.

1929ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಲಫಾಯೆಟ್ ಕಾಲೇಜು ಹಳೆಯ ವಿದ್ಯಾರ್ಥಿಗಳನ್ನು ಪಾಠ ಕೇಳಲೆಂದೇ ಕರೆಯಿತು. ಆಗ ಅದರ ಅಧ್ಯಕ್ಷರು ವಿಲಿಯಂ ಮ್ಯಾಥರ್ ಲೂಯಿಸ್. ‘ಅಲಮ್ನಿ ಕಾಲೇಜು’ ಎಂಬ ಅಲ್ಪಾವಧಿ ಶಿಕ್ಷಣಕ್ಕೆ ಇದೇ ನಾಂದಿ ಎನ್ನಲಾಗುತ್ತದೆ. ಅಧ್ಯಾಪಕರ ಉಪನ್ಯಾಸ, ಚರ್ಚೆ ಎಲ್ಲವೂ ಉಂಟು. ಪರೀಕ್ಷೆಯಾಗಲಿ ಪದವಿಯಾಗಲಿ ಇಲ್ಲ.

ಈ ಕಲ್ಪನೆ ಬೇರೂರಿದ್ದು ಅರವತ್ತರ ದಶಕದಲ್ಲಿ. ಡಾರ್ಟ್‌ಮತ್ ಕಾಲೇಜು 1964ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯ 1968ರಲ್ಲಿ ಇಂಥ ಬೇಸಿಗೆ ತರಗತಿ ಆರಂಭಿಸಿದವು. ರಜೆಯಲ್ಲಿ ಖಾಲಿ ಬೀಳುವ ವಿದ್ಯಾರ್ಥಿನಿಲಯಗಳು ವಸತಿಗೆ ಒದಗಿದವು. ಇಪ್ಪತ್ತರ ವಯಸ್ಸಿನಲ್ಲಿ ಅಂಕಗಳಿಗಾಗಿ ಓದಿದ ವೈದ್ಯರು, ವಕೀಲರು ನಡುವಯಸ್ಸಿನಲ್ಲಿ ಇತಿಹಾಸ, ಸಾಹಿತ್ಯಗಳನ್ನು ಇಷ್ಟಪಟ್ಟು ಓದಲು ಅವಕಾಶವಾಯಿತು.

ಇದರಲ್ಲಿ ಸಂಸ್ಥೆಗಳ ಲೆಕ್ಕಾಚಾರವೂ ಇರದೇ ಇರಲಿಲ್ಲ. ಖಾಸಗಿ ವಿದ್ಯಾಸಂಸ್ಥೆಗಳಿಗೆ ಹಳೆಯ ವಿದ್ಯಾರ್ಥಿಗಳ ದೇಣಿಗೆಯೇ ದೊಡ್ಡ ಆಸರೆ. ಜೊತೆಗೆ ಶುಲ್ಕ ಕಟ್ಟಿ, ರಜೆ ಹಾಕಿ ಬರಬಲ್ಲವರಿಗಷ್ಟೇ ಈ ಸೌಲಭ್ಯ. ಒಮ್ಮೆ ಓದಿದವರಿಗೇ ಮತ್ತೊಮ್ಮೆ ಓದು. ಕಾಲೇಜಿನ ಬಾಗಿಲನ್ನೇ ಕಾಣದವರ ಗತಿ ಏನು?

ಕಾರ್ನೆಲ್‌ನ ಶಿಬಿರದ ಹೆಸರೇ ಈ ಪ್ರಶ್ನೆಗೆ ಅರ್ಧ ಉತ್ತರ ನೀಡುತ್ತದೆ. ‘ಅಲಮ್ನಿ ಯೂನಿವರ್ಸಿಟಿ’ ಎಂದು ಶುರುವಾದದ್ದು ಮುಂದೆ ‘ಅಡಲ್ಟ್ ಯೂನಿವರ್ಸಿಟಿ’ ಆಯಿತು. ಅಲ್ಲಿ ಓದದವರಿಗೂ ಬಾಗಿಲು ತೆರೆಯಿತು. ಶುಲ್ಕವೇನೋ ಉಳಿಯಿತು. ಆದರೂ ಓದಿಗೆ ವಯಸ್ಸಿನ ಗಡಿ ಇಲ್ಲ, ಹಳೆಯ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕೆಂದೂ ಇಲ್ಲ ಎಂಬ ಮಾತಿಗೆ ಅದರಿಂದ ಮನ್ನಣೆ ಸಿಕ್ಕಿತು.