ಬಿರುಕು ಬಿಡಬೇಕಾದದ್ದು ಅಕ್ಷರದ ಯಾವ ಭಾಗ?

ದೆವ್ವದ ಕತೆ, ಮಾಟದ ಲೋಕ, ಹಾಳು ಕೋಟೆಯ ರಹಸ್ಯ ಎಂದರೆ ಪೋಸ್ಟರಿನ ಅಕ್ಷರವೂ ಸವೆದು ಬಿರುಕು ಬಿಟ್ಟಿರಬೇಕೆಂಬ ಬಯಕೆ ಸಹಜ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೀಪ್‌ಸ್ಟರ್, ನೋಸಿಫರ್‌ನಂಥ ಸಿದ್ಧ ಫಾಂಟುಗಳಿವೆ. ನೋಸಿಫರ್‌ನಲ್ಲಿ ಅಕ್ಷರಗಳಿಂದ ರಕ್ತವೇ ತೊಟ್ಟಿಕ್ಕುತ್ತದೆ. ಆ ಸವೆತವನ್ನು ಹಾಗೆಯೇ ತಂದು ಕನ್ನಡಕ್ಕೆ ಬಳಿದರೆ ಓದು ಕೆಡುತ್ತದೆ. ‘ರ’ದ ತಲೆಕಟ್ಟು ಉದುರಿದರೆ ಉಳಿಯುವುದು ಬರೀ ಸೊನ್ನೆ, ಹೊಟ್ಟೆಯೊಳಗೆ ಮಸಿಯ ಚುಕ್ಕೆ ಬಿದ್ದರೆ ಅದೇ ‘ಠ’. ‘ದ’ದ ಅಡಿಯಲ್ಲೊಂದು ಸೀಳು ಬಿದ್ದರೆ ದನ ಹೋಗಿ ಧನವಾಗುತ್ತದೆ. ಕನ್ನಡದಲ್ಲಿ ಎಲ್ಲಿ ಸವೆಸಬಹುದು, ಎಲ್ಲಿ ಕೂಡದು ಎಂಬುದನ್ನು ನಮ್ಮ ಬರಹದ ಚರಿತ್ರೆಯನ್ನೇ ಕೇಳಬೇಕು.

ಹಾವೇರಿ ಜಿಲ್ಲೆಯ ಹುಲಗೂರಿನ ಆಸುಪಾಸಿನಲ್ಲಿ ಸವೆದ ಅಕ್ಷರಕ್ಕೆ ಬರವಿಲ್ಲ. ಬಂಕಾಪುರ, ಹಾನಗಲ್ಲಿನ ಶಾಸನಗಳು ಶತಮಾನಗಳ ಮಳೆ ಬಿಸಿಲು ಉಂಡಿವೆ. ಅಂಚು ಮೊಂಡಾಗುತ್ತದೆ, ಚಕ್ಕೆ ಏಳುತ್ತದೆ, ಆದರೆ ಉಳಿ ಆಳಕ್ಕಿಳಿದ ತಿರುವು ಬಹುಕಾಲ ನಿಲ್ಲುತ್ತದೆ. ಒದ್ದೆ ಕಾಗದ ಒತ್ತಿ ಮಸಿ ತಟ್ಟಿ ತೆಗೆದ ಪಡಿಯಚ್ಚಿನಲ್ಲಿ ಅದು ಕಪ್ಪಿನ ನಡುವೆ ಬೆಳ್ಳಗೆ ಕಾಣುತ್ತದೆ. ಮುದ್ರಣ ಬಂದಾಗಲೂ ಕೈಬರಹ ಕೂಡಲೇ ಹಿಂದೆ ಸರಿಯಲಿಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾಗಿದ್ದರೂ, 1843ರ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರಬಂದದ್ದು ಕೈಬರಹವನ್ನೇ ಪಡಿಮೂಡಿಸುವ ಕಲ್ಲಚ್ಚಿನಲ್ಲಿ. ಮುಂದೆ ನಾಟಕ ಕಂಪನಿಯ ಪರದೆ, ಸಿನಿಮಾ ಶೀರ್ಷಿಕೆಗಳಲ್ಲಿ ಪೇಂಟರುಗಳ ಕುಂಚವೇ ಆಳಿತು. ಪೇಂಟರನಿಗೊಂದು ಅನುಕೂಲವಿತ್ತು: ತನಗೆ ಬೇಕಾದ ನಾಲ್ಕೈದು ಅಕ್ಷರ ಬರೆದರೆ ಅವನ ಕೆಲಸ ಮುಗಿಯಿತು. ಫಾಂಟು ಹಾಗಲ್ಲ, ಯಾವ ಗುಣಿತ, ಯಾವ ಒತ್ತಕ್ಷರ ಬಂದರೂ ಅದು ಸಿದ್ಧವಿರಬೇಕು.

1991ರಲ್ಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. 1998ರಲ್ಲಿ ‘ಬರಹ’, ಆಮೇಲೆ ‘ನುಡಿ’ ತಂತ್ರಾಂಶಗಳು ಬಂದವು. ಅಂದಿನ ತುರ್ತು ಪತ್ರ ಬರೆಯುವುದು, ಪುಸ್ತಕ ಜೋಡಿಸುವುದು; ಅಲಂಕಾರ ಕಾಯಬೇಕಾಯಿತು. ಬಲೂ ತಮ್ಮ, ಹುಬ್ಬಳ್ಳಿ ಫಾಂಟುಗಳು, ಜೊತೆಗೆ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ ಬಂದ ಮೇಲೆ ಕನ್ನಡ ಅಕ್ಷರಕ್ಕೆ ಚಹರೆ, ಲಯ ಬಂದವು. ಇವು ನನಗೆ ಬಹಳ ಇಷ್ಟ, ಆದರೆ ಭಯ ಇವುಗಳ ಗುರಿಯಲ್ಲ.

ಶೀರ್ಷಿಕೆಯ ಒಂದು ಪದಕ್ಕೆ ಇಷ್ಟು ಎಚ್ಚರ ಯಾಕೆ, ಚಿತ್ರವೇ ಅರ್ಥ ಹೇಳುವುದಿಲ್ಲವೇ ಎನ್ನಬಹುದು. ಸಿನಿಮಾಕ್ಕೆ ಆ ಮಾತು ಸರಿ. ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ ಅದೇ ಅಕ್ಷರ ಊರು, ಪಾತ್ರಧಾರಿಗಳ ಹೆಸರಿಗೂ ಬರುತ್ತದೆ. ಶಿಗ್ಗಾಂವಿಯಂಥ ಊರಿನ ಡಿಟಿಪಿ ಅಂಗಡಿಯಲ್ಲಿ ಎರಡನೆಯ ಫಾಂಟು ಹುಡುಕುವ ಪುರಸೊತ್ತು ಯಾರಿಗೂ ಇರುವುದಿಲ್ಲ. ಶಾಸನದ ಸವೆತದಲ್ಲಿ ಭಯವೆಲ್ಲಿ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಅದು ತರುವುದು ಪ್ರಾಚೀನತೆಯನ್ನು; ಅದ್ಭುತ ಕತೆಗೆ ಅಷ್ಟು ಸಾಕು, ದೆವ್ವದ ಕತೆಗೆ ಕುಂಚದ ನಡುಕವೂ ಸೇರಬೇಕು. ಎರಡರಲ್ಲೂ ಹೊರಅಂಚು, ದಪ್ಪ ಗೆರೆಯ ಮೈ ಎಷ್ಟಾದರೂ ಒರಟಾಗಲಿ. ತಲೆಕಟ್ಟಿನ ಬೆಸುಗೆ, ಮಹಾಪ್ರಾಣದ ಸೀಳು, ಸೊನ್ನೆಯ ಒಳಬಯಲು ಹಾಗೇ ಉಳಿಯಬೇಕು. ಒಂದೇ ಪದದಲ್ಲಿ ‘ರ’ ಎರಡು ಸಲ ಬಂದಾಗ ಎರಡಕ್ಕೂ ಅದೇ ಗೀರು ಬಿದ್ದರೆ ಯಂತ್ರದ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಪದೇ ಪದೇ ಬರುವ ಅಕ್ಷರಗಳಿಗೆ ಎರಡು ಮೂರು ರೂಪ ಬರೆದಿಟ್ಟು, ಅವು ಸರದಿಯಂತೆ ಬರುವ ಹಾಗೆ ಫಾಂಟಿನೊಳಗೇ ನಿಯಮ ಕಟ್ಟಬೇಕು.