ಉಚಿತವೂ ಔಚಿತ್ಯವೂ: ಸೌಂದರ್ಯಸಾಧನಗಳ ಮಾದರಿ ವಿತರಣೆಯ ಇತಿಹಾಸದಿಂದ ಕಲಿಯತಕ್ಕದ್ದು

‘ಉಚಿತ’ ಎಂಬ ಶಬ್ದಕ್ಕೆ ನಮ್ಮ ಹಿರಿಯರು ತಿಳಿದಿದ್ದ ಅರ್ಥ ‘ಯೋಗ್ಯವಾದುದು, ಸಂದರ್ಭಕ್ಕೆ ತಕ್ಕುದು’ ಎಂಬುದಾಗಿತ್ತು. ‘ಔಚಿತ್ಯ’ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಇಂದು ಅಂಗಡಿಯ ಫಲಕದಲ್ಲಿ ಆ ಶಬ್ದವನ್ನು ಕಂಡವರಿಗೆ ಹೊಳೆಯುವುದು ‘ಕಾಸು ಕೊಡದೆ ಸಿಗುವುದು’ ಎಂಬ ಒಂದೇ ಅರ್ಥ. ಒಂದು ಶಬ್ದದ ಅರ್ಥ ಹೀಗೆ ಜಾರುವಾಗ ನಮ್ಮ ವಿವೇಕವೂ ಅದರೊಡನೆ ಜಾರಿರಬಹುದೇ? ಕಾಸು ಕೊಡದೆ ದೊರೆತದ್ದೆಲ್ಲವೂ ಸ್ವೀಕಾರಕ್ಕೆ ಯೋಗ್ಯವೇ? ಸಾಬೂನು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು ಮೊದಲಾದವುಗಳ ಉಚಿತ ಮಾದರಿಗಳು ಮನೆಮನೆಗೂ ಬಂದು ಬೀಳುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ತುಸು ಸಾವಧಾನವಾಗಿ ವಿಚಾರಿಸುವುದು ಅಗತ್ಯವೆಂದು ನನ್ನ ಭಾವನೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದ್ದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಉತ್ತರ ಭಾಗದ ಒಂದು ಬಸದಿಯ ಸಮಿತಿಯಲ್ಲಿ ನಾನು ಖಜಾಂಚಿಯಾಗಿದ್ದೆ. ಮಹಾವೀರ ಜಯಂತಿಗೆ ಹದಿನೈದು ದಿನವಿರುವಾಗ ಪ್ರಸಾಧನ ಸಾಮಗ್ರಿಗಳ ವ್ಯಾಪಾರದ ಪ್ರತಿನಿಧಿಯೊಬ್ಬರು ಬಂದರು. ಪ್ರಸಾದದ ಚೀಲಗಳನ್ನು ತಾವೇ ಮುದ್ರಿಸಿ ಕೊಡುವುದಾಗಿಯೂ, ಅವುಗಳೊಳಗೆ ಶಾಂಪೂ, ಕ್ರೀಮು, ತುಟಿಗೆ ಹಚ್ಚುವ ಬಣ್ಣದ ಮುಲಾಮು ಇವುಗಳ ಪುಟ್ಟ ಪೊಟ್ಟಣಗಳನ್ನು ಇಡುವುದಾಗಿಯೂ ಹೇಳಿದರು. ಪ್ರತಿಯಾಗಿ ಅವರು ಕೇಳಿದ್ದು ಸಮಾಜದ ಕುಟುಂಬಗಳ ವಿಳಾಸಪುಸ್ತಿಕೆಯ ಒಂದು ಪ್ರತಿಯನ್ನು ಮಾತ್ರ. ಚೀಲದ ಖರ್ಚು ಉಳಿಯಿತೆಂಬ ಸಮಾಧಾನದಲ್ಲಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವನು ನಾನೇ. ಉತ್ಸವ ಕಳೆದ ಮೂರನೆಯ ದಿನ, ರಸಾಯನಶಾಸ್ತ್ರ ಓದುತ್ತಿದ್ದ ನಮ್ಮ ಸಮಾಜದ ಹೆಣ್ಣುಮಗಳೊಬ್ಬಳು ಒಂದು ಪೊಟ್ಟಣವನ್ನು ಹಿಡಿದು ಮನೆಗೆ ಬಂದಳು. “ದೊಡ್ಡಪ್ಪಾ, ಇದನ್ನು ಓದಿ ನೋಡಿದಿರಾ?” ಎಂದಳು. ನನ್ನ ಕನ್ನಡಕಕ್ಕೆ ಆ ಅಕ್ಷರಗಳು ನಿಲುಕಲಿಲ್ಲ. ಅವಳು ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಿದಳು: ‘ಸಿ.ಐ. 75470’. ಅದು ಕಾರ್ಮೈನ್ ಎಂಬ ಕೆಂಪು ಬಣ್ಣದ ಸಂಖ್ಯೆ. ಪಾಪಸುಕಳ್ಳಿಯ ಮೇಲೆ ಜೀವಿಸುವ ಕೊಚಿನೀಲ್ ಎಂಬ ಕಿರುಕೀಟಗಳನ್ನು ಕೊಂದು ಒಣಗಿಸಿ ತೆಗೆಯುವ ಬಣ್ಣವದು. ಅಹಿಂಸೆಯ ಉತ್ಸವದಲ್ಲಿ, ಪ್ರಸಾದದ ಚೀಲದೊಳಗೆ, ನನ್ನ ರುಜುವಿನ ಮೇಲೆ ಅದು ಮನೆಮನೆ ಸೇರಿತ್ತು. ನನಗೆ ತಿಳಿದಿರಲಿಲ್ಲವೆಂಬುದು ನಿಜ. ಆದರೆ ತಿಳಿಯುವ ಪ್ರಯತ್ನವನ್ನೇ ಮಾಡದಿರುವುದಕ್ಕೆ ನಮ್ಮ ಆಚಾರ್ಯರು ಪ್ರಮಾದವೆಂದು ಹೆಸರಿಟ್ಟಿದ್ದಾರೆ.

ಅಂದಿನಿಂದ ಈ ಮಾದರಿ ಹಂಚುವ ಪದ್ಧತಿ ಎಲ್ಲಿಂದ ಬಂತೆಂದು ಹುಡುಕುತ್ತ ಬಂದೆ. ಮೊದಲು ನೆನಪಾದದ್ದು ನನ್ನದೇ ಕಸುಬು. ಹೆಬ್ಬಾಳದಲ್ಲಿ ಮನೆ ಮಾಡಿಕೊಂಡು ಯಶವಂತಪುರದ ಯಾರ್ಡಿನಲ್ಲಿ ದವಸದ ವ್ಯಾಪಾರ ಮಾಡಿದವನು ನಾನು. ಅಲ್ಲಿ ಮೂಟೆಗೆ ಮೊನೆಯಾದ ಕೊಳವೆಯನ್ನು ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಹಲ್ಲಿನಲ್ಲಿ ಕಡಿದು ನೋಡುವುದು ರೂಢಿ. ಆ ಹಿಡಿ ಕಾಳಿಗೆ ಯಾರೂ ಹಣ ಕೇಳುವುದಿಲ್ಲ. ಅದನ್ನು ದಾನವೆಂದೂ ಯಾರೂ ಕರೆಯುವುದಿಲ್ಲ. ಕೊಳ್ಳುವವನ ಪರೀಕ್ಷೆಯ ಹಕ್ಕು ಅದು. ಮೂಟೆಯೊಳಗೆ ಇರುವುದೇ ಕೊಳವೆಯೊಳಗೂ ಇರಬೇಕೆಂಬುದು ಅದರ ಧರ್ಮ. ಸಂತೆಯಲ್ಲಿ ಅಳತೆ ಮುಗಿದ ಮೇಲೆ ಹಾಕುವ ‘ಕೊಸರು’ ಇನ್ನೊಂದು ಬಗೆ. ಅದು ವ್ಯಾಪಾರ ಕುದುರಿದ ನಂತರದ ಸಂತೋಷ. ಪರೀಕ್ಷೆಗೆ ಕೊಡುವುದು ಮೊದಲು, ಕೊಸರು ಕೊನೆಗೆ: ಈ ಎರಡರ ನಡುವೆ ನಮ್ಮ ಹಳೆಯ ವಣಿಕರಿಗೆ ಗೊಂದಲವಿರಲಿಲ್ಲ. ಅತ್ತರಿನ ಅಂಗಡಿಯವನು ಹತ್ತಿಯ ತುಣುಕಿಗೆ ಪರಿಮಳವನ್ನು ಅದ್ದಿ ಕೊಡುತ್ತಿದ್ದುದೂ, ಗಂಧದ ಕೊರಡನ್ನು ತೇದು ಮೂಸಲು ಕೊಡುತ್ತಿದ್ದುದೂ ಮೊದಲನೆಯ ಬಗೆಗೇ ಸೇರಿದವು.

ನಮ್ಮ ನಾಡಿನ ಸೌಂದರ್ಯಸಾಧನಗಳ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಅಧ್ಯಾಯಕ್ಕೂ ಇಂಥದೊಂದು ಮಾದರಿಯೇ ಕಾರಣವೆಂಬ ಕಥನ ಪ್ರಚಾರದಲ್ಲಿದೆ. ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲು ಕೊರಡುಗಳ ರೂಪದಲ್ಲಿ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಲು ಆ ಮಾರುಕಟ್ಟೆ ಮುಚ್ಚಿತು. ಗಂಧದ ರಾಶಿ ಇಲ್ಲಿಯೇ ಉಳಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಆಲ್ಫ್ರೆಡ್ ಚಾಟರ್ಟನ್ನರ ಮುಂದಾಳುತನದಿಂದಲೂ, ನಮ್ಮ ಯಶವಂತಪುರದ ನೆರೆಯಲ್ಲೇ ಇರುವ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳ ಪ್ರಯೋಗಗಳಿಂದಲೂ, 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದ ಎಣ್ಣೆ ತೆಗೆಯುವ ಕಾರ್ಯ ನಡೆಯಿತು. ಬಳಿಕ, ವಿದೇಶೀ ಅತಿಥಿಯೊಬ್ಬರು ಮೈಸೂರಿನ ಗಂಧದೆಣ್ಣೆಯಿಂದಲೇ ತಯಾರಾದ ಸಾಬೂನುಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಕಾಣಿಕೆಯಾಗಿ ಕೊಟ್ಟರೆಂದೂ, ‘ನಮ್ಮ ಗಂಧದ ಸಾಬೂನನ್ನು ನಾವೇ ಏಕೆ ಮಾಡಬಾರದು?’ ಎಂಬ ಯೋಚನೆ ಪ್ರಭುಗಳಿಗೆ ಅದರಿಂದ ಬಂದಿತೆಂದೂ ಹೇಳುತ್ತಾರೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂದಿತು. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬ, ಆನೆಯ ತಲೆ ಸಿಂಹದ ಮೈಯ ಶರಭದ ಲಾಂಛನ ಇವು ಶಾಸ್ತ್ರಿಗಳ ಕಾಲದಿಂದ ಬಂದವು. 1957ರಲ್ಲಿ ಕಾರ್ಖಾನೆ ಯಶವಂತಪುರದ ಬಳಿಯ ಈಗಿನ ಸ್ಥಳಕ್ಕೆ ಬಂದಿತು. 2006ರಲ್ಲಿ ಆ ಸೋಪಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈಗ ಮೆಟ್ರೋ ನಿಲ್ದಾಣವೊಂದಕ್ಕೂ ಅದರ ಹೆಸರಿದೆ.

ಈ ಕಥನದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅರಸರು ಕಾಣಿಕೆಯನ್ನು ಬಳಸಿ ಮರೆತುಬಿಡಲಿಲ್ಲ. ‘ಇದರೊಳಗೆ ಏನಿದೆ, ಅದು ಎಲ್ಲಿಂದ ಬಂದಿತು?’ ಎಂದು ವಿಚಾರಿಸಿದರು. ಮಾದರಿಯನ್ನು ಮಾದರಿಯಾಗಿ ಸ್ವೀಕರಿಸುವುದೆಂದರೆ ಅದೇ. ಆ ಹೆಣ್ಣುಮಗಳು ಮಾಡಿದ್ದೂ ಅದನ್ನೇ. ನಾನು ಮಾಡದೆ ಬಿಟ್ಟದ್ದೂ ಅದನ್ನೇ.

ಪಾಶ್ಚಾತ್ಯ ದೇಶಗಳಲ್ಲಿ ಮಾದರಿಯ ಸ್ವರೂಪ ಬೇರೊಂದು ದಾರಿ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕೆಯ ಸಾಬೂನು ತಯಾರಕ ಬೆಂಜಮಿನ್ ಬ್ಯಾಬಿಟ್ ಎಂಬವನು ಉಚಿತ ಮಾದರಿಗಳನ್ನು ಹಂಚಿದ ಮೊದಲಿಗರಲ್ಲಿ ಒಬ್ಬನೆಂದು ವ್ಯಾಪಾರದ ಇತಿಹಾಸ ಬರೆದವರು ಗುರುತಿಸುತ್ತಾರೆ. ಡೇವಿಡ್ ಮೆಕಾನೆಲ್ ಎಂಬವನ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವನು ಮನೆಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ. ಬಾಗಿಲು ತೆರೆದ ಗೃಹಿಣಿಯರ ಮನಸ್ಸನ್ನು ಒಲಿಸಿಕೊಳ್ಳಲು ಪುಟ್ಟ ಸೀಸೆಯಲ್ಲಿ ಸುಗಂಧವನ್ನು ಕೊಡುತ್ತಿದ್ದ. ಅವರಿಗೆ ಪುಸ್ತಕಕ್ಕಿಂತ ಸುಗಂಧವೇ ಹೆಚ್ಚು ಇಷ್ಟವಾಗುವುದನ್ನು ಕಂಡು ಪುಸ್ತಕಗಳನ್ನು ಬಿಟ್ಟು 1886ರಲ್ಲಿ ಸುಗಂಧದ ಕಂಪನಿಯನ್ನೇ ತೆರೆದ. ಮುಂದೆ ಏವನ್ ಎಂದು ಜಗತ್ತಿಗೆ ಪರಿಚಿತವಾದದ್ದು ಅದೇ. ಇಲ್ಲಿ ಸುಗಂಧದ ಸೀಸೆ ಪುಸ್ತಕದ ಪರೀಕ್ಷೆಗೆ ಕೊಟ್ಟದ್ದಲ್ಲ, ಬಾಗಿಲು ತೆರೆಸಲು ಕೊಟ್ಟದ್ದು. ಮೂಟೆಯಲ್ಲಿರುವುದು ಒಂದು, ಕೊಳವೆಯಲ್ಲಿ ಬಂದದ್ದು ಇನ್ನೊಂದು! 1946ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದ ಎಸ್ಟೀ ಲಾಡರ್ ಎಂಬ ಮಹಿಳೆ, ದೊಡ್ಡ ಜಾಹೀರಾತಿಗೆ ಸಾಲದ ತಮ್ಮ ಅಲ್ಪ ಬಂಡವಾಳವನ್ನು ಮಾದರಿಗಳಿಗೆ ವಿನಿಯೋಗಿಸಿದರು. ಕೊಂಡವರಿಗೆ ಇನ್ನೊಂದು ವಸ್ತುವಿನ ಮಾದರಿಯನ್ನು ಕಾಣಿಕೆಯಾಗಿ ಕೊಡುವ ಪದ್ಧತಿಯನ್ನು ಬೆಳೆಸಿದರು. ಕೊಸರೂ ಮಾದರಿಯೂ ಅಲ್ಲಿ ಒಂದಾದವು: ಮುಗಿದ ವ್ಯಾಪಾರದ ಕೊಸರೇ ಮುಂದಿನ ವ್ಯಾಪಾರದ ಗಾಳವಾಯಿತು.

ನಮ್ಮ ದೇಶದಲ್ಲಿ ಈ ಪದ್ಧತಿ ವ್ಯಾಪಕವಾದದ್ದು ಪ್ಲಾಸ್ಟಿಕ್ ಪೊಟ್ಟಣದಿಂದ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರು, ಶ್ರೀಮಂತರು ಬಳಸುವ ವಸ್ತು ಕೂಲಿಯವನಿಗೂ ಎಟುಕಬೇಕೆಂಬ ಸದುದ್ದೇಶದಿಂದ ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ತುಂಬಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಿಂದ ಚಿಕ್ ಶಾಂಪೂವನ್ನು ಆರಂಭಿಸಿದರು. ಯಾವುದೇ ಶಾಂಪೂವಿನ ಐದು ಖಾಲಿ ಪೊಟ್ಟಣಗಳನ್ನು ತಂದವರಿಗೆ ಚಿಕ್ ಪೊಟ್ಟಣ ಒಂದು ಉಚಿತವೆಂದು ಅವರು ಸಾರಿದರು. ಜನ ಮುಗಿಬಿದ್ದರು. ಕೆಲಕಾಲದ ಮೇಲೆ ಆ ಕೊಡುಗೆ ಚಿಕ್ ಖಾಲಿ ಪೊಟ್ಟಣಗಳಿಗೆ ಮಾತ್ರ ಎಂದಾಯಿತು. ಅಷ್ಟರಲ್ಲಿ ಅಭ್ಯಾಸ ಬೇರೂರಿತ್ತು. ವ್ಯಾಪಾರಿಯಾಗಿ ನಾನು ಆ ಜಾಣ್ಮೆಗೆ ತಲೆದೂಗುತ್ತೇನೆ. ಬಡವರ ಮನೆಗೂ ಶಾಂಪೂ ತಲುಪಿದ್ದು ಸಣ್ಣ ಮಾತಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕಲ್ಲವೇ? ಹಲವು ಪದರಗಳ ಆ ಪೊಟ್ಟಣವನ್ನು ಮರುಬಳಕೆ ಮಾಡುವುದು ಬಹು ಕಷ್ಟ. ಹೆಕ್ಕುವವನಿಗೆ ಅದರಿಂದ ಕಾಸು ಹುಟ್ಟದು. ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಅದರ ಪ್ರಯಾಣ. ಹೆಬ್ಬಾಳದ ಕೆರೆಯ ಅಂಚಿನಲ್ಲಿ ಬೆಳಗಿನ ನಡಿಗೆಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಉಚಿತ ಮಾದರಿಗೆ ನಾವು ತೆರುವುದೇನು? ವಾಣಿಜ್ಯಶಾಸ್ತ್ರ ಓದಿದವನಾಗಿ ಖಾತೆ ತೆರೆದು ನೋಡುತ್ತೇನೆ. ಕೊಡುವವನ ಬದಿಯಲ್ಲಿ ಅದು ಖರ್ಚು. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮು, ಕಳೆದುಹೋದ, ಕಳುವಾದ, ನಾಶವಾದ ಸರಕುಗಳ ಸಾಲಿನಲ್ಲಿಯೇ ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ಹೋದ ಸರಕನ್ನೂ ಸೇರಿಸಿ, ಅದಕ್ಕೆ ಹೂಡಿದ ತೆರಿಗೆಯ ಜಮೆಯನ್ನು ನಿರಾಕರಿಸುತ್ತದೆ. ‘ಒಂದು ಕೊಂಡರೆ ಒಂದು ಉಚಿತ’ ಎಂಬುದರಲ್ಲಿ ಉಚಿತವಾದದ್ದು ಏನೂ ಇಲ್ಲ, ಎರಡು ವಸ್ತುಗಳನ್ನು ಒಂದರ ಬೆಲೆಗೆ ಮಾರಿದಂತೆ ಎಂದು 2019ರ ಮಾರ್ಚ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿತು. ವಸ್ತುಗಳನ್ನು ಪಡೆದು ಮೊಬೈಲಿನಲ್ಲಿ ಅವುಗಳ ಗುಣಗಾನ ಮಾಡುವವರನ್ನು ಕುರಿತು 2022ರಲ್ಲಿ ಆದಾಯ ತೆರಿಗೆಯವರು ಹೊರಡಿಸಿದ ಸುತ್ತೋಲೆಯೂ ಹೀಗೆಯೇ: ವಸ್ತುವನ್ನು ಹಿಂದಿರುಗಿಸಿದರೆ ಸರಿ, ಇಟ್ಟುಕೊಂಡರೆ ಅದು ಲಾಭ, ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ. 10ರಂತೆ ಮೂಲದಲ್ಲಿಯೇ ತೆರಿಗೆ. ಸರ್ಕಾರದ ಲೆಕ್ಕಿಗರು ಕಂಡುಕೊಂಡ ಸತ್ಯವನ್ನು ನಾವು ಕಾಣದಿರುವುದು ಸೋಜಿಗ.

ಖರ್ಚು ಮಾಡಿದವನು ಅದನ್ನು ಎಲ್ಲಿಂದಲೋ ತುಂಬಿಕೊಳ್ಳಲೇಬೇಕು. ಬೇರೆಯವರು ಕೊಳ್ಳುವ ದೊಡ್ಡ ಸೀಸೆಯ ಬೆಲೆಯಲ್ಲಿ ಒಂದು ಪಾಲು ಸೇರಿರುತ್ತದೆ. ನಮ್ಮ ಅಭ್ಯಾಸದ ಬದಲಾವಣೆ ಇನ್ನೊಂದು ಪಾಲು. ಇವೆರಡಕ್ಕಿಂತ ಬೆಲೆಯುಳ್ಳದ್ದು ನಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. ವ್ಯಕ್ತಿಗತ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿತೆಂದರೆ ಅದರ ಮೌಲ್ಯವನ್ನು ಊಹಿಸಬಹುದು. ನಾನು ವಿಳಾಸಪುಸ್ತಿಕೆಯನ್ನು ಕೊಟ್ಟ ಮೇಲೆ ತಿಂಗಳುಗಟ್ಟಲೆ ನಮ್ಮ ಸಮಾಜದ ಮನೆಗಳಿಗೆ ಕರೆಗಳು ಬಂದವು. ಒಬ್ಬಂಟಿಯಾಗಿರುವ ವೃದ್ಧ ಸೋದರಿಯೊಬ್ಬರು, “ನನ್ನ ನಂಬರು ಅವರಿಗೆ ಕೊಟ್ಟವರಾರು ಅಣ್ಣಾ?” ಎಂದು ಮುಗ್ಧವಾಗಿ ನನ್ನನ್ನೇ ಕೇಳಿದರು. ಚೀಲದ ಖರ್ಚು ಉಳಿಸಲು ನಾನು ಕೊಟ್ಟದ್ದು ನನ್ನದಲ್ಲದ ವಸ್ತುವನ್ನು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬ ವ್ರತವನ್ನು ನಾವು ಬಲ್ಲೆವು. ತನ್ನದಲ್ಲದ್ದನ್ನು ಕೊಡುವುದೂ ಅದರ ಇನ್ನೊಂದು ಮುಖವೆಂದು ಅಂದು ತಿಳಿಯಿತು.

ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದನ್ನು ಮುಖ್ಯವಾಗಿಸಿದ್ದಾರೆ. ಈ ಒರೆಗಲ್ಲಿಗೆ ಹಚ್ಚಿದರೆ ಮಾದರಿ ದಾನವಲ್ಲ. ಅಷ್ಟರಿಂದಲೇ ಅದು ಪಾಪವೂ ಅಲ್ಲ. ಅದು ವ್ಯವಹಾರ, ವ್ಯವಹಾರಕ್ಕೆ ಇರಬೇಕಾದ ಶುದ್ಧಿ ಅದಕ್ಕೂ ಇರಬೇಕು. ದೋಷವಿರುವುದು ವ್ಯವಹಾರವು ದಾನದ ವೇಷ ಧರಿಸಿ ಪ್ರಸಾದದ ಚೀಲದೊಳಗೆ ಬರುವುದರಲ್ಲಿ. ಹಾಗೆಯೇ ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ಶ್ರಾವಕನು ಕೊಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಬಿಟ್ಟಿ ಬಂದದ್ದನ್ನು ಹೊರಗಿಟ್ಟರೆ ಆ ಮಿತಿಗೆ ಅರ್ಥವೇನು? ನಮ್ಮ ಮನೆಗಳ ಸ್ನಾನದ ಕೋಣೆಯ ಮಾಡದಲ್ಲಿ ಒಣಗಿ ಕುಳಿತಿರುವ ಪೊಟ್ಟಣಗಳನ್ನು ಒಮ್ಮೆ ಎಣಿಸಿ ನೋಡಬಹುದು.

ಮಾದರಿಗಳನ್ನು ಮುಟ್ಟಲೇಬಾರದೆಂದು ನಾನು ಹೇಳುತ್ತಿಲ್ಲ. ದೊಡ್ಡ ಸೀಸೆಯನ್ನು ಕೊಂಡು, ಮೈಗೆ ಒಗ್ಗದೆ, ಎಸೆಯುವುದಕ್ಕಿಂತ ಮೊದಲು ಸ್ವಲ್ಪ ಹಚ್ಚಿ ನೋಡುವುದು ವಿವೇಕವೇ. ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ, ನವೆ, ಕೆಂಪು ಕಾಣದಿದ್ದರೆ ಮಾತ್ರ ಮುಖಕ್ಕೆ ಬಳಸಬೇಕೆಂದು ಚರ್ಮವೈದ್ಯರು ಹೇಳುತ್ತಾರೆ. ಒಂದೇ ಸಲಕ್ಕೆ ಮುಗಿಯುವ ಪೊಟ್ಟಣ ಆ ಪರೀಕ್ಷೆಗೂ ಸಾಲದೆಂಬುದನ್ನು ಗಮನಿಸಬೇಕು. ಕೊಳ್ಳುವ ಉದ್ದೇಶವಿದ್ದರೆ ಕೇಳಿ ಪಡೆಯೋಣ. ಒಳಗೇನಿದೆ ಎಂದು ಓದೋಣ. ಅಕ್ಷರ ಕಾಣದಿದ್ದರೆ ಕಾಣುವವರಿಂದ ಓದಿಸೋಣ. ಸೌಂದರ್ಯಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿದ್ದು ಹೆಮ್ಮೆಯ ಸಂಗತಿ. ಆದರೆ ಕಾರ್ಮೈನ್, ಜೇನುಮೇಣ, ಪ್ರಾಣಿಗಳ ಕೊಬ್ಬಿನಿಂದ ಬಂದ ಪದಾರ್ಥಗಳ ವಿಷಯ ಬೇರೆ. ಆ ಎಚ್ಚರ ನಮ್ಮದೇ.

ಧರ್ಮಸಂಸ್ಥೆಗಳ ಟ್ರಸ್ಟಿಗಳಲ್ಲಿ ನನ್ನ ವಿನಂತಿ ಇಷ್ಟು. ಉತ್ಸವದ ಚೀಲದೊಳಗೆ ಬರುವ ಪ್ರತಿಯೊಂದು ವಸ್ತುವಿಗೂ ಸಂಸ್ಥೆಯ ಹೆಸರೇ ಜಾಮೀನು. ಸಮಾಜದ ವಿಳಾಸಪುಸ್ತಿಕೆ ಟ್ರಸ್ಟಿನ ಆಸ್ತಿಯಲ್ಲ, ಟ್ರಸ್ಟಿನ ವಶದಲ್ಲಿರುವ ನಂಬಿಕೆಯ ಠೇವಣಿ.

ನಾನು ಮುಂದಿನ ಸಭೆಯಲ್ಲಿ ನಡೆದುದೆಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದೆ. ಚೀಲಗಳ ವೆಚ್ಚವನ್ನು ನನ್ನ ಕೈಯಿಂದ ಸಂಸ್ಥೆಗೆ ಕಟ್ಟಿದೆ. ಆ ಹಣಕ್ಕೆ ರಸೀದಿ ಬರೆಯುವಾಗ ಗುಮಾಸ್ತರು ‘ಯಾವ ಬಾಬ್ತು?’ ಎಂದು ಕೇಳಿದರು. ‘ಉಚಿತ ಚೀಲಗಳ ಬಾಬ್ತು’ ಎಂದು ಬರೆಸಿದೆ. ಮರುವರ್ಷದಿಂದ ಪ್ರಸಾದ ಬಟ್ಟೆಯ ಚೀಲದಲ್ಲಿ ಹೋಗುತ್ತಿದೆ. ಅದರ ಮೇಲೆ ಯಾರ ಹೆಸರೂ ಇಲ್ಲ. ಆ ರಸೀದಿಯ ಪ್ರತಿ ಇಂದಿಗೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.